ಚಿಸೋಮೋ ಹೊದ್ದ ಶಾಲು

ಶಾಲು ಹಿಡಿದ ವಿಸ್ಮಯಾಳ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

"ಬೇಡ. ಇದು ನನಗಲ್ಲ," ಎಂದಿದ್ದ ಡಾಕ್ಟರ್ ಜಯಕರ. ವೇದಿಕೆಯ ಮೇಲೇ, ಎಲ್ಲರೆದುರಿಗೆ!

ಪರದೇಶದ ಬಾಂಗ್ಸಾರ್ ಬಡಾವಣೆಯ ಆ ಸಭಾಂಗಣದಲ್ಲಿ ಕೂತಿದ್ದ ಕನ್ನಡಿಗರು ಮುಖ ಮುಖ ನೋಡಿಕೊಂಡರು. ನಮ್ಮವರ ಸಮಾರಂಭಗಳಲ್ಲಿ ಊಟ ಬೇಕಾದರೆ ತಡವಾಗಲಿ, ಸನ್ಮಾನ ಮಾತ್ರ ತಪ್ಪುವಂತಿಲ್ಲ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ... ಅದನ್ನು ಬೇಡ ಅನ್ನುವವರೂ ಉಂಟೇ?

ಅಲ್ಲೇ ಹತ್ತಿರದ ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದ ವಿಸ್ಮಯಾ, ಆಫ್ರಿಕಾದ ಮಲಾವಿಯ ಅನಾಥ ಮಕ್ಕಳನ್ನು ಓದಿಸುವ ಪುಟ್ಟ ಸಂಸ್ಥೆಯೊಂದನ್ನು ಗೆಳತಿಯರೊಡನೆ ಕಟ್ಟಿದ್ದಳು. ಅವರು ಓದಿಸಿದ ಮೊದಲ ಹುಡುಗಿ ಚಿಸೋಮೋ ಈಗ ನರ್ಸಿಂಗ್‌ನ ಕೊನೆಯ ವರ್ಷದಲ್ಲಿದ್ದಳು. ದಾನಿಗಳು ಮುನಿಸಿಕೊಂಡರೆ ಅವಳ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಉಡುಪಿಯಿಂದ ಬಂದು ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಈ ಮನುಷ್ಯನಿಗೆ ಅಷ್ಟೂ ತಿಳಿಯಬಾರದೇ? ಆ ವರ್ಷದ ದೊಡ್ಡ ದಾನಿಯೇ ಅವನು, ನಿಜ. ಆದರೂ ಏನು ಜಂಭ... ಅವಳ ಕಣ್ಣು ತುಂಬಿತು.

ಎಲ್ಲ ಮುಗಿದ ಮೇಲೆ ಅವನೇ ಬಂದು ಆ ಶಾಲು ಕೇಳಿದ. ಆಗ ಬೇಡವಾದದ್ದು ಈಗ ಬೇಕಾಯಿತೇ? ಅವಳು ಅದನ್ನು ಅವನ ಕೈಗೆ ತುರುಕಿದಳು.

ಹೆದರಿದಂತೆಯೇ ಆಯಿತು. ಶಾಲು ಬೇಡವೆಂದು, ಅದನ್ನು ಹೊದ್ದ ತಮ್ಮನ್ನೇ ಚುಚ್ಚಿದ ಎಂದು ಕೆಲವು ದಾನಿಗಳು ದೂರ ಸರಿದರು. ವಿಸ್ಮಯಾ ಛಲ ಬಿಡಲಿಲ್ಲ, ಭಾನುವಾರಗಳಂದು ಅದೇ ಸಭಾಂಗಣದ ಅಡುಗೆಮನೆಯಲ್ಲಿ ನೀರುದೋಸೆ ಮಾಡಿ ಮಾರಲು ನಿಂತಳು. ಮೊದಲ ಭಾನುವಾರವೇ ಜಯಕರ ಏಪ್ರನ್ ಕಟ್ಟಿಕೊಂಡು ಹಾಜರ್. ತನ್ನಿಂದಾದ ಎಡವಟ್ಟು, ತಾನೇ ದೋಸೆ ಎರೆಯುತ್ತೇನೆ ಎಂದ.

ಅವಳು ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಆದರೆ ದೋಸೆ ಹರಿಯದಂತೆ ಮಡಚುತ್ತ, ಪಕ್ಕದ ಬೀದಿಯ ಚೀನೀ ಅಜ್ಜಿಗೆ "ತಪಾವ್ ಲಾ", ಅಂದರೆ ಪಾರ್ಸೆಲ್, ಎಂದು ನಗುತ್ತ ಪೊಟ್ಟಣ ಕಟ್ಟಿಕೊಡುವ ಅವನನ್ನು ಕದ್ದು ನೋಡುವುದು ಯಾವಾಗ ಅಭ್ಯಾಸವಾಯಿತೋ... ಅವನು ತಡಮಾಡಿದರೆ ಅವಳ ಕಣ್ಣೆಲ್ಲ ಬಾಗಿಲ ಮೇಲೆಯೇ. ಅದಕ್ಕೆ ಪ್ರೀತಿ ಎಂದು ಹೆಸರಿಡಲು ಮಾತ್ರ ಆ ಶಾಲು ಅಡ್ಡ ಬರುತ್ತಿತ್ತು.

ಮರುವರ್ಷದ ಸಮಾರಂಭದಲ್ಲಿ ಚಿಸೋಮೋ ಪರದೆಯ ಮೇಲೆ ಕಾಣಿಸಿಕೊಂಡಳು. ಪಾಸಾಗಿದ್ದಳು! ಬಿಳಿ ಸಮವಸ್ತ್ರ, ಅದರ ಮೇಲೆ... ಜರಿಯಂಚಿನ ಅದೇ ಶಾಲು.

"ಡಾಕ್ಟರ್ ಕಳೆದ ವರ್ಷವೇ ಕಳಿಸಿದ್ದರು," ಎಂದಳು ಇಂಗ್ಲಿಷಿನಲ್ಲಿ. "ಇದು ಓದಿದವರಿಗೆ ಸೇರಬೇಕಾದದ್ದು, ಪಾಸಾದ ದಿನ ಹೊದ್ದುಕೋ ಅಂದಿದ್ದರು. ಹೊದ್ದಿದ್ದೇನೆ, ನೋಡಿ."

ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ಮುನಿಸಿಕೊಂಡಿದ್ದರೂ ಊಟಕ್ಕೆ ತಪ್ಪದೆ ಬಂದಿದ್ದವರೂ ತಟ್ಟಿದರು. ನಮ್ಮ ಹುಡುಗಿ, ನಮ್ಮ ಹುಡುಗಿ ಎಂದು ವಿಸ್ಮಯಾಳ ಎದೆ ಹೆಮ್ಮೆಯಿಂದ ಉಬ್ಬಿತು.

ಜಯಕರ ಅಡುಗೆಮನೆಯ ಬಾಗಿಲಲ್ಲಿ ಒಬ್ಬನೇ ನಿಂತಿದ್ದ. ವಿಸ್ಮಯಾ ಅಲ್ಲಿಗೇ ಹೋದಳು.

"ಅವತ್ತೇ ಹೇಳಬಾರದಿತ್ತಾ ಡಾಕ್ಟ್ರೇ? ವರ್ಷವೆಲ್ಲ ನಿಮ್ಮನ್ನ ಬೈಕೊಂಡೇ ಕಳೆದೆ."

"ನಾನೂ ಅನಾಥಾಶ್ರಮದಲ್ಲಿ ಬೆಳೆದವನು ಮಾರಾಯ್ರೆ. ಪ್ರತಿ ವರ್ಷ ನಮ್ಮನ್ನು ಸಾಲಾಗಿ ನಿಲ್ಲಿಸಿ, ಓದಿಸಿದವರಿಗೆ ಶಾಲು ಹೊದಿಸ್ತಿದ್ರು. ನಾನು ಡಾಕ್ಟರಾದಾಗಲೂ ಅವರಿಗೇ ಹೊದಿಸಿದ್ದು. ಅವರ ಋಣ ಉಂಟು, ಇಲ್ಲ ಅನ್ನಲ್ಲ. ಆದ್ರೆ ಓದಿದ್ದು ನಾನಲ್ವಾ? ಅವತ್ತು ಶಾಲು ನೋಡಿದ್ದೇ ಆ ಸಾಲೇ ಕಣ್ಣಮುಂದೆ ಬಂತು. ಹೇಳ್ಲಿಕ್ಕೆ ಆಗ್ಲಿಲ್ಲ."

ವಿಸ್ಮಯಾ ಸರಸರನೆ ಒಳಗೆ ಹೋಗಿ, ಈ ವರ್ಷದ ಸನ್ಮಾನಕ್ಕೆ ತಂದಿದ್ದ ಶಾಲುಗಳಲ್ಲಿ ಒಂದನ್ನು ತಂದು ಬಿಡಿಸಿದಳು. ಅವನು ಹಿಂದೆ ಸರಿದ.

"ಬೇಡ ಅಂದೆನಲ್ಲ..."

"ದಾನ ಕೊಟ್ಟಿದ್ದಕ್ಕಲ್ಲ. ಓದಿ ಪಾಸಾದಿರಲ್ಲ, ಅದಕ್ಕೆ. ಸ್ವಲ್ಪ ತಡ ಆಯ್ತು, ಕ್ಷಮಿಸಿ."

ಆ ಎತ್ತರದ ಮನುಷ್ಯ ಮಗುವಿನಂತೆ ತಲೆ ತಗ್ಗಿಸಿದ. ಅವಳು ಹೊದಿಸಿದಳು, ಕೈ ಅವನ ಹೆಗಲ ಮೇಲೇ ಉಳಿಯಿತು. ಇಬ್ಬರ ಕಣ್ಣಲ್ಲೂ ನೀರಿತ್ತು.

"ಕೈ ತೆಗೀಬೇಡಿ," ಎಂದ ಮೆಲ್ಲಗೆ. "ಯಾವತ್ತೂ."

"ತೆಗೆಯೋಕೆ ಇಟ್ಟಿಲ್ಲ, ಜಯಕರ," ಎಂದಳು. ಡಾಕ್ಟ್ರೇ ಎನ್ನದೆ ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.