ಹುಲುಗೇಶನ ಹಳೇ ಫಜ್ ಪೆಡಲ್

"ಟೀಚರ್, ನನ್ನ ಫಜ್ ಪೆಡಲ್ ಕಳುವಾಗೈತ್ರಿ! ಆ ಭರತನ ಒಯ್ದಾನ. ಇವತ್ತಿಗೆ ಅವಂದು ನಂದು ಮುಗೀತು!"

ಹೂವಿನಹಡಗಲಿಯಲ್ಲಿ ಏನೇ ಕಳೆದರೂ ಜನ ಓಡಿ ಬರುವುದು ನಿವೃತ್ತ ವಿಜ್ಞಾನ ಶಿಕ್ಷಕಿ ಮೈಲಮ್ಮನವರ ಮನೆಗೆ. ಅವರ ಹಿಂದೆ ಚಪ್ಪಲಿ ಮೆಟ್ಟಿ ಹೊರಡುವವಳು ಪಕ್ಕದ ಮನೆಯ ರಮಾ. ಇವತ್ತು ಓಡಿ ಬಂದವನು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವ ಹುಲುಗೇಶ; ಅಳುವುದೊಂದೇ ಬಾಕಿ ಇತ್ತು. ಒಂದು ಡಬ್ಬಿಗಾಗಿ ಇಬ್ಬರ ಇಪ್ಪತ್ತು ವರ್ಷದ ಗೆಳೆತನ ಮಣ್ಣುಪಾಲಾಗುತ್ತದಲ್ಲ ಎಂದು ರಮಾಳಿಗೆ ಸಂಕಟವಾಯಿತು.

ಅವನ ಮನೆಗೆ ಹೋಗಿ ನೋಡಿದರೆ ಕಪಾಟಿನಲ್ಲಿ ಹದಿನಾರು ಹಳೇ ಪೆಡಲ್‌ಗಳು ಥಳಥಳ ಹೊಳೆಯುತ್ತಿದ್ದವು. ಕಾಲಿನಿಂದ ಒತ್ತಿದರೆ ಗಿಟಾರಿನ ದನಿಯನ್ನು ಗೊರಗೊರ ಮಾಡುವ ಈ ಡಬ್ಬಿಗಳಿಗಾಗಿ ಅವನು ಜಾಲಾಡದ ಗುಜರಿ ಅಂಗಡಿಯೇ ಇರಲಿಲ್ಲ. ಕಾಣೆಯಾದದ್ದು ಎಲ್ಲಕ್ಕಿಂತ ಹಳೆಯದು, ತುಕ್ಕು ಹಿಡಿದದ್ದು.

"ಮಧ್ಯಾಹ್ನ ಬಾರಿಸ್ತಿದ್ದೆ, ದನಿ ಕುಸೀತು. ಅದರೊಳಗಿನ ಹಳೇ ಟ್ರಾನ್ಸಿಸ್ಟರ್ ಸೆಕಿ ತಡಿಯಂಗಿಲ್ರಿ. 'ತಂಪಾಗೋತನ ಇದು ಹಾಡಂಗಿಲ್ಲ' ಅಂತ ಬೈಕೊಂತ ಮೇಜಿನ ಮ್ಯಾಲ ಇಟ್ಟು ಮಲಗಿದೆ. ಎದ್ದರ ಇಲ್ಲ! ನಡುವ ಭರತ್ ಬಂದು ಹೋಗ್ಯಾನ."

ಪಡಸಾಲೆಯಲ್ಲಿ ಅವನ ಹೆಂಡತಿ ದುರ್ಗಾ ಒದ್ದೆ ಬಟ್ಟೆಯಲ್ಲಿ ಮಲ್ಲಿಗೆ ಸುತ್ತಿ ಬುಟ್ಟಿಗೆ ತುಂಬುತ್ತಿದ್ದಳು. ಕೊಟ್ಟೂರಿನ ಹೂವಿನಂಗಡಿಗೆ ದಿನಾ ಬಸ್ಸಿನಲ್ಲಿ ಎರಡು ಬುಟ್ಟಿ ಕಳಿಸುವಳು. ಒಂದು ಆಗಲೇ ಹೋಗಿತ್ತು.

"ಭರತಣ್ಣ ಕದ್ದಿಲ್ರಿ, ಬೇಕಾದ್ರ ಆಣಿ ಮಾಡ್ತೀನಿ," ಎಂದಳು ಫೋನಿನ ಮೇಲಿನ ಕಣ್ಣು ತೆಗೆಯದೆ.

ಪೆಡಲ್ ಇದ್ದ ಮೇಜಿನ ಮೇಲೆ ನೀರಿನ ಕಲೆ, ಅದರ ಪಕ್ಕ ಒಂದು ಮೊಗ್ಗು. ರಮಾಳೂ ನೋಡಿದಳು, ಹೂವಿನವರ ಮನೆಯಲ್ಲಿ ಹೂವಿರದೆ ಇನ್ನೇನು ಎಂದುಕೊಂಡಳು.

"ಭರತನ್ನ ಕರೀರಿ," ಎಂದರು ಮೈಲಮ್ಮ.

ಭರತ್ ಮುಖ ಊದಿಸಿಕೊಂಡು ಬಂದು ಬಾಗಿಲಲ್ಲೇ ನಿಂತ. ಮೈಲಮ್ಮ ಚಹಾ ಗುಟುಕರಿಸಿ ಶುರುಮಾಡಿದರು.

"ಮಾರಿಕೊಳ್ಳಾಕ ಕದಿಯೋನು ಹೊಳಿಯೋ ಹದಿನಾರು ಬಿಟ್ಟು ತುಕ್ಕಿಂದ ಒಂದ ಯಾಕ ಒಯ್ತಾನ? ಹೋದದ್ದು ತಂಪು ಬೇಕಾಗಿದ್ದದ್ದು ಅಷ್ಟ. ಹೂವಿನ ಮಂದಿ ಬಾಡೋದನ್ನ ಕಂಡ್ರ ಏನ್ ಮಾಡ್ತಾರ? ಒದ್ದಿ ಬಟ್ಟಿಯಾಗ ಇಡ್ತಾರ. ಅದಕ್ಕ ಮೇಜಿನ ಮ್ಯಾಲ ನೀರು, ಮೊಗ್ಗು. ಭರತ್ ಕದ್ದಿಲ್ಲ ಅಂತ ಆಣಿ ಮಾಡಾಕ, ಖರೇ ಗೊತ್ತಿದ್ದವರಿಗಷ್ಟ ಧೈರ್ಯ ಬರತೈತಿ. ಯಾರ ಫೋನ್ ಕಾಯ್ತಿದ್ದೆವ್ವಾ ದುರ್ಗಾ?"

ದುರ್ಗಾಳ ಕಣ್ಣು ತುಂಬಿತು. "ತಂಪಾಗ್ಲಿ ಅಂತ ಪ್ಲಾಸ್ಟಿಕ್ ಕವರಿನಾಗ ಹಾಕಿ ಹೂವಿನ ನಡುವ ಇಟ್ಟೆರಿ. ಮರತು ಬುಟ್ಟಿ ಬಸ್ಸಿಗೆ ಹಾಕಿಬಿಟ್ಟೆ. ಇವರ ಸಿಟ್ಟು ನೋಡಿ ಬಾಯಿ ಬಿಡಾಕ ಅಂಜಿದೆ. ಭರತಣ್ಣನ ಹಾದಿ ಕಾಯೋವಾಗ ಕೊಟ್ಟೂರಿಂದ ಫೋನ್ ಬಂತು, ವಾಪಸ್ ಬಸ್ಸಿಗೆ ಕಳಿಸ್ಯಾರಂತ."

ರಮಾ ನಕ್ಕೇಬಿಟ್ಟಳು. ಹುಲುಗೇಶನಿಗೆ ಮಾತ್ರ ನಗು ಬರಲಿಲ್ಲ; ಗಿಟಾರ್ ತಂದು ಭರತನ ಮುಂದೆ ಹಿಡಿದ.

"ಪೆಡಲ್ ಬಂದ ಕೂಡ್ಲೆ ಮೊದ್ಲು ನೀನ ಬಾರ್ಸಪಾ. ತಪ್ಪಾತು."

ಭರತ್ ಕೈಕಟ್ಟಿ ನಿಂತ. "ಓಣಿ ತುಂಬ ಕಳ್ಳ ಅಂತ ಒದರಿ, ಇಲ್ಲಿ ಪಿಸುಗುಟ್ಟತೀಯೇನಲೇ? ಮೈಕಿನಾಗ ಅನ್ನು."

ಹುಲುಗೇಶ ಆರ್ಕೆಸ್ಟ್ರಾದ ಮೈಕ್ ಹಚ್ಚಿದ. ಅವನ 'ತಪ್ಪಾತು' ಇಡೀ ಓಣಿಗೆ ಕೇಳಿಸಿತು.