ಥಾರ್ನ್‌ಬಿ ರಸ್ತೆಯ ಮೊದಲ ಮನೆ

ಭಾನುವಾರದ ಪ್ರಾರ್ಥನೆ ನಡೆಸಿಕೊಟ್ಟು ನಾನು ಥಾರ್ನ್‌ಬಿ ರಸ್ತೆಗೆ ಮರಳುವಷ್ಟರಲ್ಲಿ ಮಿಸ್ ಒಟ್ಟಿಲಿ ವೇರ್ ಅವರ ಮನೆಯ ಮುಂದೆ ಜನ ಸೇರಿದ್ದರು. ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಕೆತ್ತನೆಯ ಕಲ್ಲು ಕಾಣೆಯಾಗಿತ್ತು. ‘ಈ ರಸ್ತೆಯ ಮೊದಲ ಮನೆ, 1858’ ಎಂದು ಸಾರುತ್ತಿದ್ದ ಕಲ್ಲು ಅದು. ವಿಕ್ಟೋರಿಯಾ ರಾಣಿಯ ಕಾಲದ ನಮ್ಮ ಮನೆಗಳಿಗೆ ಸರ್ಕಾರದ ರಕ್ಷಣೆ ದೊರಕಿಸಲು ನಿವಾಸಿಗಳ ಸಂಘದ ಅಧ್ಯಕ್ಷ ಕ್ರಾಂಪ್ಟನ್ ಅದನ್ನೇ ನೆಚ್ಚಿದ್ದರು. ಮನೆಗಳನ್ನು ನೋಡಲು ಸರ್ಕಾರದ ಪರೀಕ್ಷಕರು ಮರುದಿನ ಬರುವವರಿದ್ದರು.

ರಸ್ತೆ ನಮ್ಮ ಸ್ವಂತದ್ದು. ಗೇಟು ಹಾಕಿದ ಮೇಲೆ ಹೊರಗಿನವರು ಒಳಗೆ ಬರುವಂತಿಲ್ಲ, ಕೀಲಿ ಕಾವಲುಗಾರ ಐವರ್ ಪಗ್‌ನ ಕೈಯಲ್ಲಿ.

“ಅಂಥಾ ಕಲ್ಲು ಕೀಳೋಕೆ ಎತ್ತಿನಂಥ ಆಳು ಬೇಕು. ಇಲ್ಲಿ ಅಂಥೋನು ಇವನೊಬ್ಬನೇ” ಎಂದು ಕ್ರಾಂಪ್ಟನ್ ಐವರ್‌ನತ್ತ ಬೆರಳು ತೋರಿಸಿ ಎಲ್ಲರೆದುರು ಅಂದುಬಿಟ್ಟರು. ಸಂಜೆಯೊಳಗೆ ಕಲ್ಲು ಸಿಗದಿದ್ದರೆ ಐವರ್ ಕೆಲಸವನ್ನೂ ಗೇಟಿನ ಬಳಿಯ ಮನೆಯನ್ನೂ ಬಿಡಬೇಕು. ಅವನು ಹುಟ್ಟಿದ್ದೇ ಆ ಮನೆಯಲ್ಲಿ.

ನಾನು ಎದುರು ಮನೆಯ ಹೆಸ್ಟರ್ ಲಾನ್ಸ್‌ಡೇಲ್ ಅವರನ್ನು ಕರೆತಂದೆ. ಹಳೆಯ ಕಟ್ಟಡಗಳನ್ನು ಪರೀಕ್ಷಿಸುತ್ತಲೇ ತಲೆ ನರೆತ ಆಕೆ ನಮ್ಮ ರಸ್ತೆಯ ಎಷ್ಟೋ ಗಂಟುಗಳನ್ನು ಬಿಡಿಸಿದ್ದರು. ಕಲ್ಲು ಕಿತ್ತ ಗುಳಿಯೊಳಗೆ ಬೆರಳಿಟ್ಟರು. ಎರಡು ಬೆರಳಿನಷ್ಟೂ ಆಳವಿರಲಿಲ್ಲ. ಇಟ್ಟಿಗೆಗಳ ನಡುವಿನ ಗಾರೆಯನ್ನು ಕೀಲಿಯಿಂದ ಕೆರೆದರು, ಪುಡಿಪುಡಿಯಾಗಿ ಉದುರಿತು. ಗುಳಿಯ ಅಂಚನ್ನು ಕೆರೆದರೆ ಏನೂ ಉದುರಲಿಲ್ಲ. ಕೆಳಗೆ ಮೆಟ್ಟಿಲನ್ನು ಯಾರೋ ಚೊಕ್ಕವಾಗಿ ಗುಡಿಸಿದ್ದರು. ಗೋಡೆಗೆ ಹಬ್ಬಿದ್ದ ಗುಲಾಬಿಬಳ್ಳಿಯನ್ನು ಕತ್ತರಿಸದೆ, ಉಣ್ಣೆಯ ದಾರದಿಂದ ಪಕ್ಕಕ್ಕೆ ಕಟ್ಟಿದ್ದರು.

“ಪಾದ್ರಿಗಳೇ, ಐವರ್ ಮೇಲೆ ಗೂಬೆ ಕೂರಿಸಿರೋದು ಒಟ್ಟಿಲಿಗೆ ಗೊತ್ತಾ?”

ಗೊತ್ತಿಲ್ಲವೆಂದೆ. ಅವರು ಬೆಳಗಿನಿಂದ ಜ್ವರದಲ್ಲಿ ಮಲಗಿದ್ದರು, ಯಾರೂ ಹೇಳಿರಲಿಲ್ಲ.

“ಹಾಗಿದ್ರೆ ಸಂಜೆ ಅವಳ ಕೋಣೆಯಲ್ಲೇ ಸೇರೋಣ.”

ಸೇರಿದೆವು, ಕ್ರಾಂಪ್ಟನ್ ಮತ್ತು ಐವರ್ ಕೂಡ ಬಂದರು. ಮಿಸ್ ವೇರ್ ಶಾಲು ಹೊದ್ದು ಬೆಂಕಿಯ ಬಳಿ ಕೂತಿದ್ದರು. ಹೆಸ್ಟರ್ ಮೆಲ್ಲಗೆ ಮಾತು ತೆಗೆದರು. ಮನೆಯನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ, ಕಲ್ಲನ್ನು ಕೂರಿಸಿದ್ದು ಸಿಮೆಂಟಿನಲ್ಲಿ; ಅಂದರೆ ಕಲ್ಲು ಎಷ್ಟೋ ವರ್ಷಗಳ ನಂತರ ಬಂದದ್ದು. ಗೋಡೆಯೊಳಗೆ ಹೂತ ದಪ್ಪ ಕಲ್ಲುದಿಮ್ಮಿಯೆಂದು ನಾವೆಲ್ಲ ನಂಬಿದ್ದೆವು, ಅದಕ್ಕೇ ಬಲಶಾಲಿಯನ್ನು ಹುಡುಕಿದೆವು. ಅದು ಬರೀ ತೆಳು ಬಿಲ್ಲೆ. ತಾಳ್ಮೆಯಿಂದ ಉಳಿ ಆಡಿಸಿದರೆ ಯಾರಾದರೂ ಬಿಡಿಸಬಹುದು.

“ಕದಿಯೋನು ಮೆಟ್ಟಿಲು ಗುಡಿಸ್ತಾನಾ ಕ್ರಾಂಪ್ಟನ್? ಬಳ್ಳಿ ನೋಯಬಾರದು ಅಂತ ಉಣ್ಣೆ ಹುಡುಕ್ತಾನಾ? ಇದು ಮನೆಯೋರ ಕೈ. ನಾಳೆ ಪರೀಕ್ಷಕರು ನೋಡಿದ್ರೆ ಕಲ್ಲಿನ ಸುಳ್ಳು ಬಯಲಾಗತ್ತೆ ಅಂತ ಗೊತ್ತಿದ್ದೋರ ಕೈ.” ಆಮೇಲೆ ಆಕೆ ಪಕ್ಕಕ್ಕೆ ತಿರುಗಿದರು. “ಒಟ್ಟಿಲಿ, ಐವರ್‌ನ ಇವತ್ತು ಮನೆ ಬಿಡಿಸ್ತಿದ್ದಾರೆ ಕಣೇ.”

ಮಿಸ್ ವೇರ್ ಶಾಲನ್ನು ಬಿಗಿಹಿಡಿದರು. “ಐವರ್‌ನ? ಯಾತಕ್ಕೆ? ನಿನ್ನೆ ರಾತ್ರಿ ಕಿತ್ತಿದ್ದು ನಾನು. ಕಲ್ಲು ಇಲ್ಲೇ ಮಂಚದ ಕೆಳಗಿದೆ.”

ತಮ್ಮ ಅಪ್ಪ ಬಡ ಮೇಷ್ಟ್ರು, ಈ ರಸ್ತೆಯ ಸಿರಿವಂತರು ಅವರನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಒಂದು ಬೇಸಿಗೆ ಅಪ್ಪ ತಾವೇ ಕಲ್ಲು ಕೆತ್ತಿ ಕೂರಿಸಿ, ಅಂದಿನಿಂದ ತಲೆಯೆತ್ತಿ ನಡೆದರು, ಎಂದು ಮಿಸ್ ವೇರ್ ಹೇಳಿಕೊಂಡರು. “ಸತ್ತ ಮೇಲೆ ಅಪ್ಪನ್ನ ಆಡಿಕೊಂಡು ಜನ ನಗಬಾರದು ಅನ್ನಿಸ್ತು. ಐವರ್, ನಂಗೆ ಗೊತ್ತಿರಲಿಲ್ಲಪ್ಪ.”

“ಮೊದಲ ಮನೆ ಅಲ್ಲದೆ ಇರಬಹುದು” ಎಂದರು ಹೆಸ್ಟರ್, “ಆದ್ರೆ ಇಷ್ಟು ಚಂದದ ಇಟ್ಟಿಗೆ ಕೆಲಸ ಈ ರಸ್ತೇಲಿ ಇನ್ನೊಂದಿಲ್ಲ. ನಾಳೆ ಅದನ್ನೇ ತೋರಿಸೋಣ.”

ಅಡಗಿದ ಸಂಕಟವನ್ನು ದೇವರು ಹೀಗೂ ಹೊರಗೆ ತರುತ್ತಾನೆ ಎಂದುಕೊಂಡೆ. ಕ್ರಾಂಪ್ಟನ್ ಐವರ್‌ನ ಬಳಿ ಸರಿದು, ಕ್ಷಮೆಯ ಮಾತೇನೋ ಪಿಸುಗುಟ್ಟಿದರು.

“ಕಳ್ಳ ಅಂದಿದ್ದು ಎಲ್ಲರಿಗೂ ಕೇಳ್ತು ಸ್ವಾಮಿ” ಎಂದ ಐವರ್. “ಇದೂ ಕೇಳ್ಲಿ.”

ಕ್ರಾಂಪ್ಟನ್ ನಾಚಿಕೆಯಿಂದ ಕೆಂಪಾದರು. ಕೋಣೆಯ ನಡುವೆ ಬಂದು ನಿಂತು, ತಾನು ತಪ್ಪು ಮಾಡಿದೆ, ಕೆಲಸವೂ ಮನೆಯೂ ಐವರ್‌ನದೇ ಎಂದು ಗಟ್ಟಿಯಾಗಿ ಹೇಳಿದರು. ಆಗ ಐವರ್ ಕುರ್ಚಿ ಎಳೆದುಕೊಂಡು ಮಿಸ್ ವೇರ್ ಪಕ್ಕ ಕೂತು, ಜ್ವರ ಹೇಗಿದೆಯೆಂದು ವಿಚಾರಿಸಿದ.