ಮೇಲಿನ ಗೆರೆ

ಹಾಡನ್ನು ಗೆರೆಯಾಗಿ ತೋರಿಸುವ ಆ್ಯಪ್ ಬರೆಯುವುದು ನನ್ನ ಕೆಲಸ. ಸ್ವರ ಏರಿದರೆ ಪರದೆಯ ಮೇಲೆ ಗೆರೆ ಏರುತ್ತದೆ, ಗಮಕಕ್ಕೆ ಬಳುಕುತ್ತದೆ. ಒಂದು ದನಿಗೆ ಒಂದೇ ಗೆರೆ. ಪರೀಕ್ಷಿಸಿ ನೋಡಲು ಮೊನ್ನೆ ಮಧ್ಯಾಹ್ನ ಬ್ರೂಕ್‌ಫೀಲ್ಡ್‌ನ ನಮ್ಮ ಮನೆ ಓನರ್ ವಸಂತಮ್ಮನವರಿಂದ ತೋಡಿ ರಾಗ ಹಾಡಿಸಿದೆ.

ಎರಡು ಗೆರೆ ಮೂಡಿದವು. ಮೊದಲು ಮೇಲಿನದು ಬಳುಕಿ ನಿಲ್ಲುತ್ತಿತ್ತು. ಆಮೇಲೆ ವಸಂತಮ್ಮ ಅದನ್ನೇ ಹಾಡಿದಾಗ ಕೆಳಗೆ ಅವರ ಗೆರೆ ಮೂಡುತ್ತಿತ್ತು, ಪಾಠ ಹೇಳಿಸಿಕೊಂಡಂತೆ. ಕೋಣೆಯಲ್ಲಿ ನಾವಿಬ್ಬರೇ. ಸದ್ದಾಗದಿರಲೆಂದು ಫ್ಯಾನನ್ನೂ ಆರಿಸಿದ್ದೆ.

“ಯಾರ ಹತ್ರ ಕಲಿತ್ರಿ, ಆಂಟಿ?”

“ನಮ್ಮಕ್ಕನ ಹತ್ರ ಕಣಪ್ಪ. ತೀರ್ಕೊಂಡು ಇಪ್ಪತ್ತು ವರ್ಷ ಆಯ್ತು. ಹೇಳ್ಕೊಟ್ಟಿದ್ದನ್ನ ತಿರುಗಿ ಹಾಡೋವರ್ಗೂ ಏಳೋಕೆ ಬಿಡ್ತಿರ್ಲಿಲ್ಲ ಅವ್ಳು.”

ಅವರು ಕಾಫಿ ಮಾಡಲು ಒಳಗೆ ಹೋದರು. ಮೇಲಿನ ಗೆರೆ ಬಳುಕಿ ನಿಂತಿತು. ಸ್ವಲ್ಪ ಹೊತ್ತು ಕಾದು, ಅದನ್ನೇ ಮತ್ತೆ ಬರೆಯಿತು. ನಾನು ಮೈಕ್ ಕಿತ್ತೆ. ಮತ್ತೆ ಬರೆಯಿತು. ಏಳಲು ನೋಡಿದೆ, ಭುಜದ ಮೇಲೆ ಒದ್ದೆ ಬಟ್ಟೆ ಹಾಕಿದಂತೆ ತಣ್ಣಗಾಯಿತು.

ನನಗೆ ಸಂಗೀತದ ಗಂಧಗಾಳಿಯೂ ಇಲ್ಲ. ಬಾಯಿ ತೆರೆದ ನೆನಪೂ ಇಲ್ಲ. ಆದರೆ ನಾಲ್ಕನೆಯ ಸಲ ಕೆಳಗೂ ಒಂದು ಗೆರೆ ಮೂಡಿತು, ಒಂದಿಷ್ಟೂ ತಪ್ಪಿಲ್ಲದೆ.

ಅಡುಗೆಮನೆಯಿಂದ ವಸಂತಮ್ಮ ಕೂಗಿದರು: “ನೀನೂ ಹಾಡ್ತೀಯ ಅಂತ ಹೇಳ್ಲೇ ಇಲ್ವಲ್ಲಪ್ಪ!”